ನಾಲ್ಕನೇ ನಂಬರಿನ ಚೀಲ

ಪ್ರತಿ ತಿಂಗಳು ಐದನೇ ತಾರೀಖು
ರಿಜಿಸ್ಟರು ಕಂಕುಳಲ್ಲಿ, ಪೆನ್ನು ತುರುಬಲ್ಲಿ,
ಹನ್ನೆರಡು ಕಿತ್ತಳೆ ಚೀಲಗಳನ್ನು ನೋಡಿ ಬರುವುದು ನನ್ನ ಕೆಲಸ.
ಶ್ರೀನಿವಾಸಪುರ ದಾಟಿದರೆ ಚಿಂತಾಮಣಿ ರಸ್ತೆಯಲ್ಲಿ
ಮಾವಿನ ತಿರುಳು ಡಬ್ಬಿಗೆ ತುಂಬುವ ಕಾರ್ಖಾನೆ.
ಹಣ್ಣಿನ ವಾಸನೆ ಮೂರು ತಿಂಗಳು.
ಅಮೋನಿಯಾ ವರ್ಷಪೂರ್ತಿ, ಪೈಪಿನೊಳಗೆ,
ಮಲಗಿದ ಮಗುವಿನಷ್ಟು ಸದ್ದಿಲ್ಲದೆ.

ಮೊದಲು ಒರೆಸಬೇಕು.
ಗೋಡೆಗೂ ಚೀಲಕ್ಕೂ ನಡುವೆ ಹಲ್ಲಿ ಮೊಟ್ಟೆ ಇಟ್ಟಿರುತ್ತೆ,
ಕೊಕ್ಕೆಗೆ ಯಾರೋ ಊಟದ ಕ್ಯಾರಿಯರ್ ನೇತುಹಾಕಿರುತ್ತಾರೆ,
ಬೈದು ತೆಗೆಸಬೇಕು.
ಮುದ್ರೆಯ ದಾರ ಹರಿದಿದೆಯಾ,
ಸಣ್ಣ ಕಿಟಕಿಯಲ್ಲಿ ಮುಳ್ಳು ಹಸಿರಲ್ಲೇ ನಿಂತಿದೆಯಾ,
ಸಿಲಿಂಡರಿನ ಕೊರಳಲ್ಲಿ ಕೆತ್ತಿದ ವರ್ಷ ದಾಟಿಹೋಯಿತಾ.
ಎಣ್ಣೆ ಕೈ ತಾಗಬಾರದು. ಬಿಸಿಲು ಬೀಳಬಾರದು.

ಹಣ್ಣು ಹೆಚ್ಚುವ ಹೆಂಗಸರು ಸೀಸನ್ನಿಗೆ ಟ್ರಾಕ್ಟರಲ್ಲಿ ಬರುತ್ತಾರೆ.
ಮೊದಲ ದಿನ ನೀಲಿ ಚೀಲ ಬಿಚ್ಚಿ ತೋರಿಸುತ್ತೇನೆ,
ಅದು ಕಲಿಸಲಿಕ್ಕೆಂದೇ ಇಟ್ಟದ್ದು.
‘ಇಂದುಲೋ ಏಮುಂದಕ್ಕಾ?’ ಎಂದಳು ಅಕ್ಕಾಯಮ್ಮ.
ಗಾಳಿ, ಎಂದೆ. ಹತ್ತು ನಿಮಿಷದ್ದು.
‘ಗಾಲಿಕೀ ಬೀಗಮಾ!’
ಇಡೀ ಶೆಡ್ಡು ನಕ್ಕಿತು. ನಾನೂ ನಕ್ಕೆ.
ಮುಸುಕು ಅವಳ ತಲೆಗೇ ಇಳಿಸಿದೆ,
ಕನಕಾಂಬರ, ಮೂಗುಬಟ್ಟು ಎಲ್ಲ ಒಳಗೆ.
ಕತ್ತಿನ ರಬ್ಬರು ಕೂದಲು ಕಚ್ಚಬಾರದು,
ಸುತ್ತ ಎರಡು ಬೆರಳು ಆಡಿಸು, ಎಂದೆ.
ಪಾರದರ್ಶಕದಾಚೆ ಅವಳ ಮುಖ
ಭರಣಿಯೊಳಗಿನ ಉಪ್ಪಿನಕಾಯಿ ಹೋಳಿನ ಹಾಗೆ ಹಿಗ್ಗಿತು.

ಒಂದು ಮಾತು ಮೂರು ಸಲ ಹೇಳಬೇಕು,
ನನಗಿಂತ ಮುಂಚೆ ಈ ರಿಜಿಸ್ಟರು ಹಿಡಿದಿದ್ದ ಗಂಗುಲಪ್ಪ ಕಲಿಸಿದ್ದು:
ಇದು ಒಳಗೆ ಹೋಗೋಕಲ್ಲ, ಹೊರಗೆ ಬರೋಕೆ.
ಬಿಟ್ಟುಬಂದ ಚಪ್ಪಲಿಗಲ್ಲ,
ಮೋಟರು ಆರಿಸೋಕಲ್ಲ,
ಒಳಗಿಂದ ಕೂಗುವ ಗೆಳತಿಗೂ...
ಇಲ್ಲಿಗೆ ಬಂದಾಗ ಪ್ರತಿಸಲ ಬಾಯಿ ಒಣಗುತ್ತೆ.

ಹೋದ ವರ್ಷ ತೋತಾಪುರಿ ಲೋಡು ಬಂದ ರಾತ್ರಿ
ಅಟ್ಟದ ಮೇಲೆ ವಾಲ್ವೊಂದು ಬಿಟ್ಟುಕೊಂಡಿತು.
ನಯಾಜ್ ನಾಲ್ಕನೇ ನಂಬರು ಎಳೆದು ಹಾಕಿಕೊಂಡ.
ಒಂದು ಏಣಿ, ಎರಡು ತಿರುವು, ನೂರ ಹನ್ನೆರಡು ಹೆಜ್ಜೆ;
ಕಣ್ಣು ಮುಚ್ಚಿ ನಡೆದು ನಾನೇ ಎಣಿಸಿದ ದಾರಿ.
ಕತ್ತಲಲ್ಲಿ ತಡವಿದರೂ ನಾಲ್ಕು ನಿಮಿಷ.
ಅವನಿಗೆ ಎರಡಕ್ಕೇ
ಕಿವಿಯ ಹತ್ತಿರದ ಸುಂಯ್ ನಿಂತುಹೋಯಿತು.

ಮಿಕ್ಕಿದ್ದನ್ನು ಎದೆಯಲ್ಲಿದ್ದುದರಲ್ಲೇ ನಡೆದ.
ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ
ಹುಣಸೆಮರದ ಬುಡಕ್ಕೆ ಬಂದು
ಮುಸುಕು ಕಿತ್ತು ಕೆಮ್ಮಿದ,
ಹಾಲಿನ ವ್ಯಾನು ಬರುವವರೆಗೂ ಕೆಮ್ಮಿದ.

ರಿಜಿಸ್ಟರಲ್ಲಿ ಆ ತಿಂಗಳು, ನಾಲ್ಕನೇ ಸಾಲು:
‘ಸರಿ.’
ಅಕ್ಷರ ನನ್ನದು.
ಏಣಿ ಹತ್ತಿರಲಿಲ್ಲ. ಕೆಳಗೆ ನಿಂತೇ ಬರೆದಿದ್ದೆ.
ಯಾಕೆ ಎಂದು ಎಷ್ಟು ಕೆದಕಿದರೂ ನೆನಪಾಗುವುದಿಲ್ಲ,
ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ ಇರಬೇಕು.
ವಿಚಾರಣೆಗೆ ಬಂದವರು ವಾಷರು ಸವೆದಿದೆ ಎಂದು ಬರೆದುಕೊಂಡು
ಎರಡು ಡಬ್ಬಿ ತಿರುಳು ಒಯ್ದರು.

ನಯಾಜ್ ಏನೂ ಕೇಳಲಿಲ್ಲ.
ಕೆಲಸಕ್ಕೆ ಮರಳಿದ ದಿನ, ಕಣ್ಣಿನ್ನೂ ಕೆಂಪು,
ಏಣಿಗೆ ಕಾಲಿಟ್ಟಿದ್ದ ನನ್ನ ನೋಡಿ
‘ನಿಧಾನ ಅಕ್ಕಾ, ಮೂರನೇ ಮೆಟ್ಟಿಲು ಜಾರುತ್ತೆ’ ಎಂದ.
ಗೊತ್ತಿದ್ದು ಅಂದನೋ, ಸುಮ್ಮನೆ ಅಂದನೋ.

ಈಗ ‘ಸರಿ’ ಎಂದು ಬರೆಯುವುದಿಲ್ಲ.
ಉಗುರಿಂದ ಗಾಜು ಎರಡು ಸಲ ತಟ್ಟಿ,
ಕಲ್ಲಂಗಡಿ ತಟ್ಟುವ ಹಾಗೆ,
ಮುಳ್ಳು ಎಲ್ಲಿ ನಿಂತಿತೋ ಆ ಅಂಕಿ ಬರೆಯುತ್ತೇನೆ.
ನೂರ ತೊಂಬತ್ತೈದು. ಇನ್ನೂರು. ಇನ್ನೂರು.

ಸೀಸನ್ನಲ್ಲಿ ನಾವು ನೂರ ಹತ್ತು ಜನ, ಚೀಲ ಹನ್ನೆರಡು.
ಅದಕ್ಕೆ ರಿಜಿಸ್ಟರಲ್ಲಿ ಕಾಲಂ ಇಲ್ಲ.
‘ಷರಾ’ ಎಂದಿರುವಲ್ಲಿ ಸಣ್ಣಗೆ ಬರೆದಿಡುತ್ತೇನೆ,
ಪ್ರತಿ ತಿಂಗಳು ಅದೇ ಸಾಲು.
ಮ್ಯಾನೇಜರು ಫೋನು ಕಿವಿಗಿಟ್ಟುಕೊಂಡೇ ಸಹಿ ಮಾಡುತ್ತಾರೆ.
ನೋಡದೆ ಸಹಿ ಮಾಡುವ ಕೈ ಹೇಗಿರುತ್ತೆ,
ನನಗೆ ಗೊತ್ತು.

ಮೂರನೇ ಮೆಟ್ಟಿಲು ಈಗಲೂ ಜಾರುತ್ತೆ.