ಹಿಂದಿನ ನೆರಿಗೆ

ವಿರಾಜಪೇಟೆ ಗಡಿಯಾರ ಕಂಬದಿಂದ ಮೂರನೇ ಓಣಿ.
ಹೊಲಿಗೆ ಯಂತ್ರದ ಮೇಲೆ ಬಗ್ಗಿದಾಗ ಬಂತು ಕೆಮ್ಮು.
ಚಕ್ರ ನಿಲ್ಲಿಸಿದೆ. ತೊಡೆಗೆ ತೊಡೆ ಬಿಗಿದೆ.
ಗಿರಾಕಿ ಕೇಳಿದರು, ಧೂಳಾ?
ಹೌದು, ಧೂಳು, ಅಂದೆ.
ಅವರು ಹೋಗುವ ತನಕ ಏಳಲಿಲ್ಲ.

ಮೂರು ತಿಂಗಳ ಕೂಸಿನ ಹಣೆಗೆ ಮುತ್ತಿಟ್ಟು
ಅವ್ವ ಅಂದಳಂತೆ, ಇದೇನು
ಉಪ್ಪಿನಕಾಯಿ ಭರಣಿಯ ಬಾಯಿಯ ಹಾಗೆ!
ಆಮೇಲೆ ಬೆವರಿನ ಪರೀಕ್ಷೆ, ದೊಡ್ಡ ಊರಿನ ದೊಡ್ಡ ಹೆಸರು,
ಸಿಸ್ಟಿಕ್ ಫೈಬ್ರೋಸಿಸ್.
ಅವ್ವನ ನಾಲಿಗೆಯಲ್ಲಿ ಇಂದಿಗೂ ಅದು ಪೈಬ್ರೋಸು,
ಯಾರೋ ದೂರದ ನೆಂಟ, ಬಂದವನು ಹೋಗಲೇ ಇಲ್ಲ.

ಅಂದಿನಿಂದ ನನ್ನ ಮೈಯ ಲೆಕ್ಕ ಮನೆಮಂದಿಗೆಲ್ಲ ಬಾಯಿಪಾಠ:
ಕಫದ ಬಣ್ಣ, ಮಲದಲ್ಲಿ ತೇಲುವ ಜಿಡ್ಡು, ಇಳಿದ ಅರ್ಧ ಕಿಲೋ,
ಗಂಜಿಗೆ ಎಷ್ಟು ಮಾತ್ರೆ, ಪಂದಿಕರಿಗೆ ಎಷ್ಟು.
ಬೆನ್ನು ತಟ್ಟುವ ಸರದಿ ಬೆಳಿಗ್ಗೆ ಅಪ್ಪನದು, ರಾತ್ರಿ ಅವ್ವನದು.
ಒಂದು ಮಾತ್ರ ನನ್ನದೇ,
ಹದಿನೇಳರಿಂದ.

ಕತ್ತರಿಸಿ ಉಳಿದ ಹತ್ತಿಬಟ್ಟೆಯ ಚೂರು,
ನಾಲ್ಕು ಪದರ, ಅಂಚಿಗೆ ಓವರ್‌ಲಾಕ್.
ನನಗೆ ನಾನೇ ಗಿರಾಕಿ. ಅಳತೆ ಪುಸ್ತಕದಲ್ಲಿಲ್ಲ.
ಮದುವೆಮನೆಯಲ್ಲಿ ವಾಲಗಕ್ಕೆ ಎಲ್ಲರೂ ಕುಣಿಯುವಾಗ
ನಾನು ಹುಡುಕುವುದು ಪ್ಲಾಸ್ಟಿಕ್ ಕುರ್ಚಿ,
ಬಟ್ಟೆ ಹೊದೆಸದ್ದು,
ತಮಾಷೆಯ ಚಿಕ್ಕಪ್ಪನಿಂದ ನಾಲ್ಕು ಸಾಲು ದೂರ.
ನಗುವೂ ಒಂದು ಕೆಮ್ಮೇ, ಒಳಬಟ್ಟೆಗೆ.

ಸೀರೆ ಉಟ್ಟ ದಿನ ಕೊಂಚ ಧೈರ್ಯ.
ನಮ್ಮ ನೆರಿಗೆ ಹಿಂದಕ್ಕೆ, ಪದರದ ಮೇಲೆ ಪದರ,
ಒದ್ದೆ ಹೊರಬರಲು ದಾರಿ ಕೇಳಬೇಕು.
ಹೊರಟ ಕಾವೇರಿಯನ್ನು ಬಲಮುರಿಯಲ್ಲಿ ಹೆಂಗಸರು ತಡೆದರಂತೆ,
ರಭಸಕ್ಕೆ ಮುಂದಿನ ನೆರಿಗೆ ಹಿಂದಾಯಿತಂತೆ.
ಹೇಳುವವರು ಕಥೆಯನ್ನು ಸೀರೆಯಲ್ಲೇ ನಿಲ್ಲಿಸುತ್ತಾರೆ.
ನನಗೆ ಕಾಣುವುದು ಆ ಹೆಂಗಸರ ನಡುಗುವ ಮೊಣಕಾಲು,
ಕಚ್ಚಿಹಿಡಿದ ಹಲ್ಲು.
ನೀರಿನೊಡನೆ ವಾದಿಸಿ ಯಾರು ಗೆದ್ದಾರು?

ಮಡಿಕೇರಿ ಆಸ್ಪತ್ರೆ. ಊದುವ ಪರೀಕ್ಷೆ.
ಊದಿ ಊದಿ ಊದಿ, ಇನ್ನೂ ಇನ್ನೂ ಇನ್ನೂ
ಎನ್ನುತ್ತಾನೆ ಹುಡುಗ, ರೇಸಿನ ಕುದುರೆ ಓಡಿಸುವವನ ಹಾಗೆ.
ಎಪ್ಪತ್ತೊಂದಿದ್ದದ್ದು ಅರವತ್ತನಾಲ್ಕು.
ಡಾಕ್ಟರು ಹೊಸ ಆಂಟಿಬಯಾಟಿಕ್ ಬರೆದರು.
ಅವ್ವ ಬ್ಯಾಗಿನ ಜಿಪ್ ಎಳೆದಳು, ತೆರೆದಳು, ಎಳೆದಳು.
ಶ್ವಾಸಕೋಶ ಸೋತಿರಲಿಲ್ಲ ಡಾಕ್ಟರೇ,
ಅರ್ಧದಲ್ಲೇ ಉಸಿರು ಹಿಡಿದವಳು ನಾನು,
ಕೆಳಗೆ ಹಿಡಿಯಲಾರದೆ.
ಅಂದೆನೇ? ಇಲ್ಲ.

ಫಿಸಿಯೋಥೆರಪಿ ಕೋಣೆಯ ಸುಹರಾ
ಅವ್ವನನ್ನು ಚೀಟಿ ತರಲು ಕಳಿಸಿ, ಬಾಗಿಲು ಹಾಕಿ,
ಫೈಲು ನೋಡುತ್ತಲೇ ಕೇಳಿದಳು,
ಸಾರಿಗೆ ಉಪ್ಪು ಸಾಕಾ ಎನ್ನುವ ದನಿಯಲ್ಲಿ:
ಕೆಮ್ಮಿದಾಗ ಮೂತ್ರ ಹೋಗುತ್ತಾ?

ಏಳು ವರ್ಷ. ಯಾರೂ ಕೇಳಿರಲಿಲ್ಲ.
ಗೋಡೆಯ ಕ್ಯಾಲೆಂಡರಿನಲ್ಲಿ ಹುತ್ತರಿ ಯಾವತ್ತೆಂದು
ಬಹಳ ಹೊತ್ತು ಹುಡುಕಿದೆ.
ನಿನ್ನಂಥ ಎಷ್ಟೋ ಜನಕ್ಕೆ, ಅಂದಳು, ಗಂಡಸರಿಗೂ.
ದಿನವಿಡೀ ಕೆಮ್ಮುವ ಮೈ,
ಕೆಳಗಿನ ಸ್ನಾಯು ಎಷ್ಟೂಂತ ತಡೆದೀತು ಪೂವಿ?

ಕೆಮ್ಮಿಗೆ ಒಂದು ಕ್ಷಣ ಮುಂಚೆ
ಒಳಗಿನಿಂದ ಮೇಲಕ್ಕೆ ಹಿಡಿ,
ದಾರ ಎಳೆದು ಚೀಲದ ಬಾಯಿ ಮುಚ್ಚಿದ ಹಾಗೆ.
ಇದು ನನಗೆ ಗೊತ್ತು. ಲಾಡಿ ಹೊಲಿಯುವವಳು ನಾನು.
ಈಗ ಯಂತ್ರದ ಮುಂದೆ ದಿನಕ್ಕೆ ಮೂರು ಬಾರಿ
ಹತ್ತು ಎಣಿಸಿ ಹಿಡಿ, ಹತ್ತು ಎಣಿಸಿ ಬಿಡು,
ಗಿರಾಕಿಯ ತೋಳಿನ ಉದ್ದ ಕೇಳುತ್ತ.

ಮೂರು ತಿಂಗಳ ಮೇಲೆ ಪೂರ್ತಿ ಊದಿದೆ.
ಅರವತ್ತೊಂಬತ್ತು.
ಎರಡು ಹನಿ ಹೋದವು, ಅದೂ ನಿಜ.

ವಾಪಸು ಬಸ್ಸಿನಲ್ಲಿ ಅವ್ವನಿಗೆ ಹೇಳಿಬಿಟ್ಟೆ.
ಅವಳು ಕಿಟಕಿಯಾಚೆ ನೋಡಿದಳು, ನಾಲ್ಕು ತಿರುವು.
ನೀನು ಹುಟ್ಟಿದ ಮೇಲೆ ನನಗೂ, ಸೀನಿದರೆ,
ಅಂದಳು, ಕಂಡಕ್ಟರಿಗೆ ಕೇಳದ ಹಾಗೆ.
ಮೂರ್ನಾಡು ದಾಟುವಾಗ ಯಾರು ಮೊದಲು ನಕ್ಕೆವೋ,
ನಿಲ್ಲಿಸಲಾಗಲಿಲ್ಲ ಇಬ್ಬರಿಗೂ.
ಪುಣ್ಯಕ್ಕೆ ಸೀಟು ರೆಕ್ಸಿನ್‌ದು.