ಷರಾ

ನಾಡಕಚೇರಿಯ ಕಿಟಕಿಯಾಚೆ ಕೂತ ಹುಡುಗ
ತಲೆಯೆತ್ತದೆ ಕೇಳಿದ: "ಮೂಲಪುರುಷ ಯಾರು?"

ಹನ್ನೆರಡು ಅಡಿ ಅಗಲ, ಮೂವತ್ತು ಉದ್ದ,
ಕಬ್ಬನ್‌ಪೇಟೆಯ ಸಂದಿಯೊಳಗಿನ ಸಂದಿಯಲ್ಲಿ
ಮಗ್ಗದ ಗುಂಡಿ ಮುಚ್ಚಿ ಸಿಮೆಂಟು ಬಳಿದ ಒಂದು ಮನೆ.
ಅದರ ಖಾತೆಗೆ ವಂಶವೃಕ್ಷ ಬೇಕಂತೆ.

ನಾನು ಸಿಟಿ ಬಸ್ಸಿನ ಕಂಡಕ್ಟರು.
ಎಲ್ಲಿ ಹತ್ತಿದಿರಿ, ಎಲ್ಲಿ ಇಳೀತೀರಿ,
ದಿನಕ್ಕೆ ಸಾವಿರ ಸಲ ಕೇಳುವವಳು.
ನನ್ನದೇ ಜನ ಎಲ್ಲಿ ಹತ್ತಿದರೋ
ಗೊತ್ತಿರಲಿಲ್ಲ.

ಮನೆಯಲ್ಲಿ ಕಥೆಗೇನೂ ಬರವಿರಲಿಲ್ಲ.
ಮುತ್ತಾತ ತಿಪ್ಪಯ್ಯನ ಅಪ್ಪ
ಅರಮನೆಗೆ ಜರಿಪಂಚೆ ನೇಯ್ದವನಂತೆ,
ಮಡಚಿದರೆ ಅಡಕೆಲೆ ಚೀಲದಲ್ಲಿ ಹಿಡಿಯುವಂಥದು.
ಅವನ ಹೆಸರೇನು ಎಂದರೆ ಮಾತ್ರ
ದೊಡ್ಡಪ್ಪನಿಗೆ ಕೆಮ್ಮು ಬರುತ್ತಿತ್ತು.

ಮೂರು ದಿನ ರಜೆ ಹಾಕಿ ದಾಖಲೆ ಕೋಣೆಯಲ್ಲಿ ಕೂತೆ.
ಅಲ್ಲಿ ಗಂಡಸರು 'ಬಿನ್' ಹಿಡಿದು ಬರುತ್ತಾರೆ,
ಹೆಂಗಸರು 'ಕೋಂ' ಹಿಡಿದು.
ಚೌಡಪ್ಪ ಬಿನ್ ರಾಮಲಿಂಗಪ್ಪ ಬಿನ್ ಚೌಡಪ್ಪ,
ಬಾವಿಗೆ ಬಿಟ್ಟ ಹಗ್ಗದ ಹಾಗೆ ಬಿನ್, ಬಿನ್, ಬಿನ್.
ಕೋಂ ಅಂದರೆ ಹಗ್ಗದ ತುದಿಯ ಕೊಡ.
ನೀರು ಯಾರು ಸೇದಿದರೆಂದು
ಯಾವ ಗುಮಾಸ್ತನೂ ಬರೆದಿಲ್ಲ.

ಆಮೇಲೆ ಆ ಒಂದು ಹಾಳೆ.
"ಸಣ್ಣಚೌಡಿ."
ಅಷ್ಟೇ. ಮುಂದೆ ಚುಕ್ಕಿ.
ಬಿನ್ನೂ ಇಲ್ಲ, ಕೋಮೂ ಇಲ್ಲ.
ಮನೆ ಒಂದು, ಮಗ್ಗ ಒಂದು, ತೆರಿಗೆ ಆರಾಣೆ,
ಪಕ್ಕದಲ್ಲಿ ಹೆಬ್ಬೆಟ್ಟು.
ನೂಲು ಎಳೆದೆಳೆದು ನಡುವಿನ ಗೆರೆ ತೇದುಹೋಗಿದೆ.
ಟಿಕೇಟು ಹರಿದು ಹರಿದು ನುಣುಪಾದ ನನ್ನ ಹೆಬ್ಬೆರಳನ್ನು
ಅದರ ಪಕ್ಕ ಇಟ್ಟು ನೋಡಿದೆ.
"ಮುಟ್ಟಬಾರ್ದು ಮೇಡಂ," ಅಂದ ಅಟೆಂಡರು ಪ್ಯಾರೇಜಾನ್.
ಅಂದವನೇ ಒಳಗೆ ಹೋಗಿ
ಕೆಂಪು ಬಟ್ಟೆಯ ಗಂಟೊಂದನ್ನು ತಂದಿಟ್ಟ:
"ಪ್ಲೇಗಿಂದೂ ನೋಡ್ಬಿಡಿ.
ಆ ವರ್ಷದ ಅರ್ಧ ಪೇಟೆ ಇದ್ರೊಳಗೇ ಇದೆ."

ನಂಬರು, ಹೆಸರು, ಜಾತಿ, ವಯಸ್ಸು,
ಕ್ಯಾಂಪಿಗೆ ಬಂದ ತಾರೀಖು, ಹೋದ ತಾರೀಖು.
'ಹೋದ' ಅನ್ನುವುದಕ್ಕೆ ಎರಡು ಅರ್ಥ, ಎರಡು ಶಾಯಿ.
ಪುಟಪುಟವೂ ಕೆಂಪು.
ಇನ್ನೂರ ಹನ್ನೊಂದು: ತಿಪ್ಪ. ಗಂಡು. ಸುಮಾರು ಮೂರು ವರ್ಷ.
ತಂದೆ ತಿಳಿಯದು. ತಾಯಿ ತಿಳಿಯದು.
ಜಾತಿಯ ಮನೆಯಲ್ಲಿ ಒಂದು ಅಡ್ಡಗೆರೆ.
ಹೋದದ್ದು ಕಪ್ಪು ಶಾಯಿಯಲ್ಲಿ.
ಒಯ್ದವರು: ಸಣ್ಣಚೌಡಿ, ಕಬ್ಬನ್‌ಪೇಟೆ. ನಂಟು: ಇಲ್ಲ.
ಷರಾ:
"ಸದರಿ ಹೆಂಗಸಿನ ಸೆರಗನ್ನು ಮಗುವು ಬಿಡಲಿಲ್ಲವಾಗಿ
ಕೊಟ್ಟು ಕಳುಹಿಸಿದೆ."

ಮೇಲಿನೆರಡು ಸಾಲು, ಇನ್ನೂರ ಒಂಬತ್ತು, ಇನ್ನೂರ ಹತ್ತು,
ಕೆಂಪು.
ಅವರೋ, ಅಲ್ಲವೋ.

ಬರೆಯಬೇಕಿರಲಿಲ್ಲ ಅವನು.
'ಕೊಟ್ಟಿದೆ' ಎಂದಿದ್ದರೆ ಸಾಕಿತ್ತು ಸರ್ಕಾರಕ್ಕೆ.
ಸುತ್ತ ಬೆಂಕಿಗೆ ಹಾಕಿದ ಚಾಪೆ, ಚಾದರಗಳ ಹೊಗೆ,
ಸಾಲು ಹೊರಗೆ ಹೋಗುತ್ತಿದೆ, ಶಾಯಿ ಮುಗಿಯುತ್ತಿದೆ;
ಯಾರೋ ಒಬ್ಬ ತಲೆಯೆತ್ತಿ
ಆ ಪುಟ್ಟ ಮುಷ್ಟಿಯನ್ನು ನೋಡಿದ್ದಾನೆ.
ನಾವು ಹದಿನೇಳು ಜನ ಈಗ
ಆ ಒಂದು ಸಾಲಿನಿಂದ ಇಳಿದವರು.

ವಿರೂಪಾಕ್ಷನಿಗೆ ಫೋನು ಮಾಡಿದೆ.
ಬಹಳ ಹೊತ್ತು ಸುಮ್ಮನಿದ್ದ.
"ಆ ಅಡ್ಡಗೆರೆ ವಿಷಯ ಎಲ್ಲೂ ಎತ್ತಬೇಡ ಅಕ್ಕ,
ಮಗಳಿಗೆ ಗಂಡು ನೋಡ್ತಿದೀವಿ," ಅಂದ.
ಇಟ್ಟವನು ಮತ್ತೆ ತಾನೇ ಮಾಡಿದ:
"ಸೆರಗು ಯಾವ ಬಣ್ಣ, ಬರೆದಿದೆಯಾ?"

ಸೋಮವಾರ ಅದೇ ಕಿಟಕಿ, ಅದೇ ಹುಡುಗ.
"ಮೂಲಪುರುಷ?"
"ಸಣ್ಣಚೌಡಿ."
ಈಗ ತಲೆಯೆತ್ತಿದ.
"ಕೋಂ?"
"ಇಲ್ಲ."
"ಬಿನ್? ಏನಾದ್ರೂ ಹೇಳಿ ಮೇಡಂ,
ಖಾಲಿ ಬಿಟ್ರೆ ಸಿಸ್ಟಮ್ ತಗೊಳಲ್ಲ."
ಹೇಳಲಿಲ್ಲ. ಹಿಂದಿನ ಸಾಲು ಗೊಣಗಿತು.
ಅವನು ಸ್ವಲ್ಪ ಯೋಚಿಸಿ
ಆ ಜಾಗದಲ್ಲಿ ಒಂದು ಚುಕ್ಕಿ ಒತ್ತಿದ.

ತಗೊಂಡಿತು.

"ನಲವತ್ತು ರೂಪಾಯಿ. ಚಿಲ್ಲರೆ ಕೊಡಿ," ಅಂದ.
ಚಿಲ್ಲರೆ ನನ್ನ ಹತ್ತಿರ ಇತ್ತು.