ಏಳು ಸೀಟು

ಪಶುವೈದ್ಯ ಕಾಲೇಜಿನಿಂದ ತಂದ ಗಿರಿರಾಜ ಮರಿಗಳಿಗೆ
ಸಂಜೆ ಅಂದರೇನೆಂದು ಗೊತ್ತಿರಲಿಲ್ಲ.
ಬಲ್ಬಿನ ಕೆಳಗೆ ಕಣ್ಣು ಬಿಟ್ಟವು,
ತಾಯಿಯ ರೆಕ್ಕೆ ಅವಕ್ಕೆ ನಲವತ್ತು ವಾಟಿನದು.
ಗರಿ ಬಲಿತು ಹಿತ್ತಲಿಗೆ ಬಿಟ್ಟ ಮೊದಲ ದಿನ
ಸ್ವಿಚ್ಚಿಲ್ಲದೆ ಸೂರ್ಯ ಆರಿಹೋದಾಗ
ಚಾನಲ್ ಏರಿಯ ಹುಲ್ಲಲ್ಲಿ ನಿಂತಲ್ಲೇ ನಿಂತವು,
ಕರೆಂಟು ಬರಲೆಂದು ಕಾಯುವ ಜನರ ಹಾಗೆ.

ಎಂಟರಲ್ಲಿ ಒಂದನ್ನು ಆ ರಾತ್ರಿ ಕಾಡುಬೆಕ್ಕು ಒಯ್ದಿತು.

ಗೂಡಿಗೆ ದುಡ್ಡಿರಲಿಲ್ಲ. ಹಳೇ ಆಟೋ ಇತ್ತು,
ಹದಿನಾರು ವರ್ಷ ನನ್ನನ್ನು ಸಾಕಿದ್ದು,
ಎಂಜಿನ್ನು ಗುಜರಿಗೆ ಹಾಕಿ, ಚಕ್ರ ಬಿಚ್ಚಿ
ಇಟ್ಟಿಗೆಯ ಮೇಲೆ ಕೂರಿಸಿದ್ದು.
ಸುತ್ತ ಜಾಲರಿ ಬಡಿದೆ,
ಹಿಂದಿನ ಸೀಟು ಕಿತ್ತು ಅಡ್ಡ ಬಿದಿರು ಕಟ್ಟಿದೆ.
ನಂಬರ್ ಪ್ಲೇಟು ತೆಗೆಯಲು ಮನಸ್ಸಾಗಲಿಲ್ಲ.
'ಕೋಳಿಗೂ ಕೆಎ ಹದಿನಾಲ್ಕು ಬೇಕಾ?'
ಅಂದಳು ಸಗಾಯ ಮೇರಿ, ನನ್ನ ಹೆಂಡತಿ,
ಮದುವೆಗೆ ಮುಂಚೆ ಅದೇ ಸೀಟಿನಲ್ಲಿ
ಎರಡು ವರ್ಷ ಚಿಲ್ಲರೆ ಕೊಡದೆ ಕೂತವಳು.

ಪಕ್ಕದ ಮನೆ ಹಸೀನಕ್ಕ ಬೇಲಿಯಾಚೆಯಿಂದ ಪಾಠ ಹೇಳಿದಳು:
ವಾರ ಹೊರಗೆ ಬಿಡಬೇಡ. ಅಲ್ಲೇ ಕಾಳು, ಅಲ್ಲೇ ನೀರು.
ಎಷ್ಟು ಕೂಗಿದರೂ ಕರಗಬೇಡ.
ಮನೆ ಅನ್ನೋದು ಮೊದಲು ಕಾಲಿಗೆ ಗೊತ್ತಾಗಬೇಕು,
ತಲೆಗೆ ಆಮೇಲೆ.
ಎಂಟನೇ ದಿನ, ಹೊತ್ತು ಮುಳುಗೋಕೆ ಒಂದು ಗಂಟೆ ಮುಂಚೆ
ಹಸಿದ ಹೊಟ್ಟೆಯಲ್ಲೇ ಬಿಡು.
ಆಮೇಲೆ ಕರಿ. ದಿನಾ ಒಂದೇ ಮಾತಲ್ಲಿ ಕರಿ.

ಯಾವ ಮಾತು?
ನನ್ನ ಬಾಯಲ್ಲಿ ಇದ್ದದ್ದು ಒಂದೇ.
ನುಚ್ಚಿನ ಡಬ್ಬಿ ಅಲ್ಲಾಡಿಸಿ
ಮಲವಗೊಪ್ಪದ ಹಿತ್ತಲಲ್ಲಿ ಕೂಗಿದೆ:
'ಬಸ್‌ಸ್ಟ್ಯಾಂಡ್, ಬಸ್‌ಸ್ಟ್ಯಾಂಡ್, ಬಸ್‌ಸ್ಟ್ಯಾಂಡೇಯ್!
ಬನ್ನಿ ಬನ್ನಿ, ಒಂದೇ ಸೀಟು, ಹೊರಟೇಬಿಡ್ತು!'
ರಸ್ತೆಯಲ್ಲಿ ಒಬ್ಬ ಮುದುಕ ಚೀಲ ಹಿಡಿದು ನಿಂತುಬಿಟ್ಟ.
ಕೋಳಿಗಳು ತಲೆ ಓರೆ ಮಾಡಿ ನೋಡಿದವು.

ಮೂರನೇ ಸಂಜೆ ಒಂದು ಹತ್ತಿತು. ಐದನೇ ಸಂಜೆ ನಾಲ್ಕು.
ಆಮೇಲಾಮೇಲೆ, ತಾಳಗುಪ್ಪದ ರೈಲು ಕೂಗಿ ಹೋಗಿದ್ದೇ ತಡ
ಆರೂ ಒಳಗೆ, ಬಿದಿರಿನ ಮೇಲೆ,
ಒಂದನ್ನೊಂದು ಒತ್ತಿ, ಜಾಗಕ್ಕೆ ಜಗಳಾಡಿ,
ಥೇಟ್ ಕಾಲೇಜು ಬಿಟ್ಟ ಹೊತ್ತಿನ ಷೇರ್ ಆಟೋ.

ಏಳನೆಯದು ನುಗ್ಗೆಮರ ಹತ್ತಿತು.
ಬೂದಿ ಬಣ್ಣ, ಒಂದು ಉಗುರು ಮುರಿದದ್ದು.
ಕರೆದೆ. ನುಚ್ಚು ತೋರಿಸಿದೆ. ಬೈದೆ.
ಮೀಟರ್ ಹಾಕಲ್ಲ ಬಾರೇ ಅಂದೆ.
ನುಗ್ಗೆ ಪಟಕ್ಕನೆ ಮುರಿಯುವ ಜಾತಿ;
ಸ್ಟೂಲು ಹತ್ತಿ, ಟಾರ್ಚು ಹಲ್ಲಲ್ಲಿ ಕಚ್ಚಿ
ಎರಡೂ ಕೈಯಲ್ಲಿ ಇಳಿಸಿಕೊಂಡೆ.
ಕತ್ತಲಲ್ಲಿ ಕೋಳಿಗೆ ಕಣ್ಣಿಲ್ಲ.
ಹಗಲು ಮುಟ್ಟಗೊಡದ ಜೀವ
ಮಡಿಸಿಟ್ಟ ಶಾಲಿನ ಹಾಗೆ ಸುಮ್ಮನೆ ಬಂತು.
ಹೆಬ್ಬೆರಳ ಕೆಳಗೆ ಅದರ ಎದೆ ಮಾತ್ರ
ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನಿನಂತೆ
ನಡುಗುತ್ತಲೇ ಇತ್ತು.

ಹನ್ನೊಂದು ರಾತ್ರಿ ಹೀಗೆ.
ಕೊಯ್ದು ತಿಂದುಬಿಡು, ಮಿಕ್ಕವಕ್ಕೂ ಚಾಳಿ ಹಿಡಿಸುತ್ತೆ
ಅಂದಳು ಹಸೀನಕ್ಕ.
ಭಾನುವಾರ ಮೇರಿ ಮಸಾಲೆ ಅರೆದೂ ಇಟ್ಟಳು.
ಅದಕ್ಕೆ ಬದನೆಕಾಯಿ ಹಾಕಿ ಉಂಡೆವು,
ಯಾಕೆಂದು ಇಬ್ಬರೂ ಕೇಳಲಿಲ್ಲ.

ಹನ್ನೆರಡನೇ ದಿನ ಹೊಸ ಗಾಡಿಗೆ ಆಯನೂರಿನ ಬಾಡಿಗೆ.
ಗೋಪಿ ಸರ್ಕಲ್ಲು ದಾಟುವಾಗಲೇ ದೀಪ ಹತ್ತಿದ್ದವು.
ಮೇರಿ ಚರ್ಚಿನಲ್ಲಿ. ಕರೆದವರು ಯಾರೂ ಇಲ್ಲ.
ಗೇಟು ನೂಕಿದವನೇ ನುಗ್ಗೆಗೆ ಟಾರ್ಚು ಬಿಟ್ಟೆ: ಬರೀ ಕಾಯಿ.
ಏರಿಯ ಕಡೆ ಬಿಟ್ಟೆ: ಗರಿಯಿಲ್ಲ, ನೆತ್ತರಿಲ್ಲ.
ಬಿದಿರಿನ ಮೇಲೆ ಎಣಿಸಿದೆ: ಆರು.
ಮತ್ತೆ ಎಣಿಸಿದೆ,
ಆರೇ.

ಏಳನೆಯದು ಮುಂದಿತ್ತು.
ಹ್ಯಾಂಡಲ್ಲಿನ ಮೇಲೆ,
ನನ್ನ ಬಲಗೈ ಸವೆಸಿದ ಜಾಗದಲ್ಲೇ,
ಒಡೆದ ಗಾಜಿನ ಕಡೆ ಮುಖ ಮಾಡಿ,
ಕುತ್ತಿಗೆ ಒಳಗೆಳೆದು.

ಹಿಂದಕ್ಕೆ ಕೂರಿಸಲು ಕೈ ಚಾಚಿದೆ. ಬಿಟ್ಟೆ.
ಜಾಲರಿ ಎಳೆದು, ಸೈಕಲ್ ಕಡ್ಡಿಯ ಕೊಂಡಿ ಸಿಕ್ಕಿಸಿ
ಹಳೇ ಚಾಳಿಯಲ್ಲಿ ಕೇಳಿದೆ:
'ಎಲ್ಲಾ ಕೂತ್ರಾ? ಹೊರಡೋದಾ?'

ಒಳಗಿಂದ ಯಾರೋ ಗೊಣಗಿದರು,
ಅರ್ಧ ನಿದ್ದೆಯಲ್ಲಿ.